ಮಾಡಿದವನೊಬ್ಬ, ಉಣ್ಣುವವನೊಬ್ಬ

ಕಾರಿನ ಒಂದು ಭಾಗ ತನ್ನ ಕಾಲಕ್ಕೆ ಮುಂಚೆ ಮುರಿದುಬಿದ್ದರೆ ಆ ವೆಚ್ಚವನ್ನು ಹೊರಬೇಕಾದವರು ಯಾರು? ಮಾಡಿದವನೇ, ಮಾರಿದವನೇ, ಜೋಡಿಸಿದವನೇ, ಓಡಿಸಿದವನೇ? ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಓದುವ ಪತ್ರಿಕೆಗೆ ಈ ಚಿಂತೆ ಏಕೆ, ಕಾರು ಸಾಹುಕಾರರ ಸೊತ್ತಲ್ಲವೆ ಎಂದು ಕೆಲವರು ಕೇಳಿಯಾರು. ಆ ಕಾಲ ಹೋಗಿ ಬಹಳ ದಿನವಾಯಿತು. ಬಸ್ಸು ನಿಲ್ದಾಣದ ಎದುರು ಬಾಡಿಗೆಗೆ ಕಾದು ನಿಂತಿರುವ ಹಳದಿ ಬೋರ್ಡಿನ ಗಾಡಿಗಳನ್ನು ನೋಡಿರಿ. ಗಿರಣಿಯ ಕೆಲಸ ಕಳೆದುಕೊಂಡು ಸ್ಟಿಯರಿಂಗು ಹಿಡಿದವನು ಅಲ್ಲಿದ್ದಾನೆ. ಗಿರಣಿಯಲ್ಲಿ ಕೆಲಸವೇ ಸಿಕ್ಕದ ಕಾರ್ಮಿಕನ ಮಗ ಅಲ್ಲಿದ್ದಾನೆ. ಅಂಗಡಿಗೆ ಸರಕು ತರಲು ಹಳೆಯ ವ್ಯಾನು ಇಟ್ಟುಕೊಂಡ ಕಿರಾಣಿ ವ್ಯಾಪಾರಿ ನಮ್ಮ ಬೀದಿಬೀದಿಯಲ್ಲೂ ಇದ್ದಾನೆ. ಇವರಿಗೆ ಗಾಡಿಯೆಂಬುದು ಠೀವಿಯ ವಸ್ತುವಲ್ಲ. ನೇಕಾರನಿಗೆ ಮಗ್ಗವಿದ್ದಂತೆ, ವ್ಯಾಪಾರಿಗೆ ತಕ್ಕಡಿಯಿದ್ದಂತೆ ಹೊಟ್ಟೆಪಾಡಿನ ಸಾಧನ. ಅದು ನಿಂತ ದಿನ ಮನೆಯ ಖರ್ಚಿನ ಲೆಕ್ಕ ತಪ್ಪುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ ಹೇಳುತ್ತದೆ. ಮೋಟಾರಿನ ಬಿಡಿಭಾಗದ ವ್ಯವಹಾರದಲ್ಲಿ ಆ ಗಾದೆ ತಲೆಕೆಳಗಾಗಿದೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವನೊಬ್ಬ.

ಪ್ರತಿವಾದಿಯೇ ನ್ಯಾಯಾಧೀಶ

ನಡೆಯುವುದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. 60,000 ಕಿಲೋಮೀಟರು ಬಾಳಬೇಕಾದ ಕ್ಲಚ್ ಪ್ಲೇಟು 24,000ಕ್ಕೇ ಸುಟ್ಟುಹೋಯಿತು ಎಂದಿಟ್ಟುಕೊಳ್ಳಿರಿ. ಯಜಮಾನ ಗಾಡಿಯನ್ನು ಕಂಪೆನಿಯ ವರ್ಕ್‌ಶಾಪಿಗೆ ಒಯ್ಯುತ್ತಾನೆ. ಅಲ್ಲಿ ಸಿಗುವ ಮೊದಲ ಉತ್ತರ: “ಇದು ಸವೆಯುವ ಭಾಗ, ಇದಕ್ಕೆ ವಾರಂಟಿ ಇಲ್ಲ.” ಸ್ವಾಮಿ, ಇದು ಸವೆದದ್ದಲ್ಲ, ಸುಟ್ಟದ್ದು ಎಂದರೆ ಎರಡನೆಯ ಉತ್ತರ: “ನೀವು ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀರಿ.” ಇಲ್ಲವೆಂದು ಆಣೆಯಿಟ್ಟರೆ ಮೂರನೆಯದು: “ಹೊರಗಿನ ಮೆಕ್ಯಾನಿಕ್ಕಿನ ಕೈ ಬಿದ್ದಿದೆ.” ಅದೂ ಅಲ್ಲವೆಂದು ತೋರಿಸಿದರೆ ಕಡೆಯ ಉತ್ತರ: “ಕಂಪೆನಿಗೆ ಬರೆದಿದ್ದೇವೆ, ಅಲ್ಲಿಂದ ಒಪ್ಪಿಗೆ ಬರಲಿಲ್ಲ.” ಆ ಒಪ್ಪಿಗೆ ಏಕೆ ಬರಲಿಲ್ಲ ಎಂಬುದಕ್ಕೆ ಒಂದು ಸಾಲಿನ ಬರಹವೂ ಕೈಗೆ ಸಿಗುವುದಿಲ್ಲ.

ಚಾಲಕನ ತಪ್ಪು ಇರಲಾರದೆಂದು ನಾವು ಹೇಳುವುದಿಲ್ಲ. ಕ್ಲಚ್ಚನ್ನು ಅರ್ಧ ಒತ್ತಿಹಿಡಿದು ಓಡಿಸಿದರೆ ಪ್ಲೇಟು ಸುಡುವುದು ನಿಜ. ಆದರೆ ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲು ಸೋರಿ ಎಣ್ಣೆ ತಗುಲಿದರೂ ಪ್ಲೇಟು ಜಾರಿ ಸುಡುತ್ತದೆ. ಆಗ ತಪ್ಪು ಸೀಲಿನದು, ಚಾಲಕನ ಕಾಲಿನದಲ್ಲ. ಗಾಲಿಯ ಬೇರಿಂಗು ಒಳಕ್ಕೆ ನೀರು ಹೊಕ್ಕರೂ ಕೆಡುತ್ತದೆ, ಕೂರಿಸುವಾಗ ಸುತ್ತಿಗೆಯಿಂದ ಬಡಿದಿದ್ದರೂ ಕೆಡುತ್ತದೆ, ಉಕ್ಕಿನ ಹದ ತಪ್ಪಿದ್ದರೂ ಕೆಡುತ್ತದೆ. ಟೈಮಿಂಗ್ ಬೆಲ್ಟು ಅವಧಿಗೆ ಮುಂಚೆ ಕಡಿದರೆ ಎಷ್ಟೋ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಬೆಲ್ಟಿನ ಬೆಲೆ ಒಂದು ಪಾಲಾದರೆ ರಿಪೇರಿಯ ಬೆಲೆ ಅದರ ಹತ್ತಾರು ಪಾಲು. ಒಂದೇ ಬಗೆಯ ಮುರಿತಕ್ಕೆ ನಾಲ್ಕು ಕಾರಣಗಳಿರುವಾಗ ಯಾವುದು ನಿಜವೆಂದು ತೀರ್ಮಾನಿಸುವವರು ಯಾರು? ಕಂಪೆನಿಯ ನೌಕರರೇ. ದೂರಿಗೆ ಗುರಿಯಾದ ಪ್ರತಿವಾದಿಯೇ ಪೀಠದಲ್ಲಿ ಕುಳಿತು, ತನ್ನ ಸಾಕ್ಷಿಯನ್ನು ತಾನೇ ಕೇಳಿ, ತನ್ನ ಪರವಾಗಿ ತಾನೇ ತೀರ್ಪು ಬರೆದುಕೊಳ್ಳುವ ಇಂಥ ಕೋರ್ಟನ್ನು ಯಾವ ನಾಗರಿಕ ಸಮಾಜ ಒಪ್ಪೀತು?

ಗಿರಣಿಯಿಂದ ಕಲಿತ ಪಾಠ

ನಮ್ಮ ಓದುಗರಲ್ಲಿ ಮಗ್ಗದ ಖಾತೆಯವರಿಗೆ ಈ ಕಥೆ ಹೊಸದಲ್ಲ. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಬಟ್ಟೆ ಕೆಟ್ಟರೆ ನೇಯ್ದವನಿಗೆ ದಂಡ ಬೀಳುತ್ತಿತ್ತು. ಕೆಟ್ಟ ಬಟ್ಟೆಯನ್ನು ಅವನ ತಲೆಗೇ ಕಟ್ಟಿ ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುವ ಪದ್ಧತಿಯೂ ಇತ್ತು. ಹತ್ತಿ ಕಳಪೆಯಾಗಿತ್ತೆ, ನೂಲು ಹುರಿಯಲ್ಲಿ ದೋಷವಿತ್ತೆ, ಗಂಜಿ ಸರಿಯಾಗಿ ಹಿಡಿದಿರಲಿಲ್ಲವೆ, ಮಗ್ಗವೇ ಹಳತಾಗಿತ್ತೆ, ಇದನ್ನು ಕೇಳುವವರಿರಲಿಲ್ಲ. ಕಡೆಯದಾಗಿ ಮುಟ್ಟಿದ ಕೈ ಯಾರದೋ ತಪ್ಪೂ ಅವನದೇ ಎಂಬುದು ಅಂದಿನ ನ್ಯಾಯ. 1931ರಲ್ಲಿ ವರದಿ ಕೊಟ್ಟ ವ್ಹಿಟ್ಲಿ ಆಯೋಗ ಈ ದಂಡಗಳನ್ನೂ ಕಡಿತಗಳನ್ನೂ ವಿಚಾರಿಸಿತು. 1936ರಲ್ಲಿ ವೇತನ ಪಾವತಿ ಕಾಯಿದೆ ಬಂತು. ಕಾರಣ ತೋರಿಸಲು ಕೆಲಸಗಾರನಿಗೆ ಅವಕಾಶ ಕೊಡದೆ ದಂಡ ಹಾಕಕೂಡದು, ದಂಡ ರೂಪಾಯಿಗೆ ಅರ್ಧ ಆಣೆಯನ್ನು ಮೀರಕೂಡದು, ವಸೂಲಾದ ದಂಡವನ್ನು ದಾಖಲೆ ಪುಸ್ತಕದಲ್ಲಿ ಬರೆದು ಕೆಲಸಗಾರರ ಹಿತಕ್ಕೇ ಬಳಸಬೇಕು ಎಂದು ಅದು ಕಟ್ಟುಮಾಡಿತು. ಆ ಕಾಯಿದೆ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿಹೋಗಿದೆ; ದಂಡಕ್ಕೆ ಮುಂಚೆ ಕಾರಣ ಕೇಳಬೇಕೆಂಬ ನಿಯಮ ಅಲ್ಲಿಯೂ ಉಳಿದಿದೆ.

ಇದರ ತಿರುಳು ಒಂದೇ. ವಿಚಾರಣೆಯಿಲ್ಲದೆ ದಂಡವಿಲ್ಲ, ಆರೋಪ ಹೊರಿಸುವವನೇ ಅದನ್ನು ರುಜುವಾತುಪಡಿಸಬೇಕು. ಗಿರಣಿಯ ಗೇಟಿನೊಳಗೆ ಇಷ್ಟು ನ್ಯಾಯ ಪಡೆದ ಮನುಷ್ಯ ಗೇಟಿನಿಂದ ಹೊರಬಂದು ಗಾಡಿ ಕೊಂಡ ಕೂಡಲೇ ಆ ನ್ಯಾಯವನ್ನು ಕಳೆದುಕೊಳ್ಳಬೇಕೆ? ಕ್ಲಚ್ ಪ್ಲೇಟಿನ ವೆಚ್ಚವನ್ನು ಅವನಿಂದ ವಸೂಲು ಮಾಡುವುದೂ ಒಂದು ದಂಡವೇ. “ನೀನು ಸರಿಯಾಗಿ ಓಡಿಸಲಿಲ್ಲ” ಎಂಬ ಆರೋಪದ ಮೇಲೆ ಹಾಕಿದ ದಂಡ.

ಗುಟ್ಟು ಯಾರ ಕೈಯಲ್ಲಿದೆ?

ರುಜುವಾತಿನ ಹೊರೆಯನ್ನು ಕಂಪೆನಿ ಹೊರಬೇಕೆಂದು ನಾವು ಹೇಳುವುದು ಕಂಪೆನಿ ದೊಡ್ಡದು, ಗಿರಾಕಿ ಚಿಕ್ಕವನು ಎಂಬ ಕನಿಕರದಿಂದಲ್ಲ. ತಿಳಿವಳಿಕೆ ಇರುವುದು ಕಂಪೆನಿಯ ಕೈಯಲ್ಲಿ. ಉಕ್ಕು ಎಲ್ಲಿಂದ ಬಂತು, ಯಾವ ತಂಡದ ಸರಕು, ಪರೀಕ್ಷೆಯಲ್ಲಿ ಎಷ್ಟು ತಿರಸ್ಕೃತವಾದವು, ಇದೇ ಭಾಗ ಇನ್ನೆಷ್ಟು ಗಾಡಿಗಳಲ್ಲಿ ಮುರಿದಿದೆ, ಇದೆಲ್ಲ ಅವರ ದಫ್ತರದಲ್ಲಿದೆ. ಊರೂರಿನ ವರ್ಕ್‌ಶಾಪಿನಿಂದ ವರದಿ ಅವರಿಗೆ ಹೋಗುತ್ತದೆ. ಗಿರಾಕಿಯ ಕೈಯಲ್ಲಿರುವುದು ಮುರಿದ ತುಂಡು ಒಂದೇ. ಎಷ್ಟೋ ವೇಳೆ ಅದೂ ಇಲ್ಲ, ವರ್ಕ್‌ಶಾಪಿನವರೇ ಇಟ್ಟುಕೊಂಡಿರುತ್ತಾರೆ.

ತಿಳಿವಳಿಕೆಯನ್ನು ಬಚ್ಚಿಟ್ಟರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯ ಉದಾಹರಣೆ ಸಾಕು. ಅದರ ಕೆಲವು ಕಾರುಗಳ ಇಗ್ನಿಷನ್ ಸ್ವಿಚ್ಚು ಸಡಿಲವಾಗಿತ್ತು. ಓಡುವ ಗಾಡಿಯಲ್ಲಿ ಕೀಲಿ ತಾನೇ ಜಾರಿ ಎಂಜಿನ್ನು ಆರಿಹೋಗುತ್ತಿತ್ತು, ಅಪಘಾತದ ವೇಳೆ ಗಾಳಿಚೀಲ ಬಿಚ್ಚಿಕೊಳ್ಳುತ್ತಿರಲಿಲ್ಲ. 2006ರಲ್ಲಿ ಕಂಪೆನಿಯೊಳಗೆ ಆ ಸ್ವಿಚ್ಚನ್ನು ತಿದ್ದಿದರು. ಆದರೆ ಭಾಗದ ಸಂಖ್ಯೆಯನ್ನು ಬದಲಿಸಲಿಲ್ಲ! ಹಳೆಯದಕ್ಕೂ ಹೊಸದಕ್ಕೂ ಒಂದೇ ಸಂಖ್ಯೆ. ಹೊರಗಿನವರಿಗೆ ಭಾಗ ಬದಲಾದದ್ದೇ ತಿಳಿಯಲಿಲ್ಲ. ಗಾಡಿಗಳನ್ನು ವಾಪಸು ಕರೆಯಲು ತೊಡಗಿದ್ದು 2014ರಲ್ಲಿ. ಆ ಸ್ವಿಚ್ಚಿನ ಸಲುವಾಗಿ ಕರೆದ ಗಾಡಿಗಳು ಸುಮಾರು 26 ಲಕ್ಷ. ಪರಿಹಾರ ನಿಧಿಯವರು ಕಡೆಗೆ ಲೆಕ್ಕಕ್ಕೆ ಹಿಡಿದ ಸಾವುಗಳು 124. 2015ರಲ್ಲಿ ಕಂಪೆನಿ ಅಲ್ಲಿನ ಸರ್ಕಾರಕ್ಕೆ 90 ಕೋಟಿ ಡಾಲರು ತೆರಲು ಒಪ್ಪಿತು. ಒಂದು ಸಂಖ್ಯೆಯೊಳಗೆ ಇಷ್ಟನ್ನು ಮುಚ್ಚಿಡಬಲ್ಲವರ ಎದುರು “ದೋಷ ನಿಮ್ಮದೆಂದು ನೀವೇ ತೋರಿಸಿ” ಎಂದು ಬಾಡಿಗೆ ಗಾಡಿಯ ಚಾಲಕನನ್ನು ನಿಲ್ಲಿಸುವುದು ಯಾವ ನ್ಯಾಯ?

ಭಾಗ ಮಾಡಿದವನು ಬೇರೆ, ಕಾರು ಕಟ್ಟಿದವನು ಬೇರೆ ಎಂಬ ನೆವವೂ ಹಳೆಯದು. ನೂರು ವರ್ಷಕ್ಕೂ ಹಿಂದೆ ನ್ಯೂಯಾರ್ಕ್ ರಾಜ್ಯದಲ್ಲಿ ಕಲ್ಲು ಕೆತ್ತುವ ಕಸುಬಿನ ಮ್ಯಾಕ್‌ಫರ್ಸನ್ ಎಂಬಾತ ಬ್ಯೂಕ್ ಕಾರು ಕೊಂಡಿದ್ದ. ಅದರ ಮರದ ಗಾಲಿಯ ಅರಗಳು ಪುಡಿಯಾಗಿ ಕಾರು ಕುಸಿದು ಅವನಿಗೆ ಗಾಯವಾಯಿತು. ಗಾಲಿ ನಾವು ಮಾಡಿದ್ದಲ್ಲ, ಬೇರೆಯವರಿಂದ ಕೊಂಡದ್ದು. ಕಾರನ್ನೂ ನಾವು ಅವನಿಗೆ ಮಾರಿಲ್ಲ, ದಲ್ಲಾಳಿಗೆ ಮಾರಿದ್ದು ಎಂದು ಕಂಪೆನಿ ವಾದಿಸಿತು. 1916ರಲ್ಲಿ ಅಲ್ಲಿನ ಹಿರಿಯ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಪೂರ್ಣ ಗಾಡಿಯನ್ನು ತನ್ನ ಹೆಸರಿನಲ್ಲಿ ಪೇಟೆಗೆ ಬಿಟ್ಟವನು ಅದರ ಒಂದೊಂದು ಭಾಗಕ್ಕೂ ಜವಾಬ್ದಾರ ಎಂದಿತು. 1960ರಲ್ಲಿ ನ್ಯೂಜರ್ಸಿಯ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಹೆನ್ನಿಂಗ್‌ಸನ್ ದಂಪತಿಗಳು ಕೊಂಡ ಹೊಸ ಕಾರಿನ ಸ್ಟಿಯರಿಂಗು ಹತ್ತೇ ದಿನಕ್ಕೆ ಕೈಕೊಟ್ಟಿತ್ತು. 90 ದಿನ ಅಥವಾ 4,000 ಮೈಲಿಯೊಳಗೆ ಕೆಟ್ಟ ಭಾಗವನ್ನು ಬದಲಿಸುವುದಷ್ಟೇ ನಮ್ಮ ಹೊಣೆ, ಮಿಕ್ಕದ್ದೇನೂ ಇಲ್ಲ ಎಂದು ಕಂಪೆನಿ ತನ್ನ ಅಚ್ಚು ಕಾಗದವನ್ನು ಹಿಡಿದಿತ್ತು. ದೊಡ್ಡ ಕಂಪೆನಿಗಳೆಲ್ಲ ಒಂದೇ ನಮೂನೆಯ ಕಾಗದವನ್ನು ಮುಂದಿಟ್ಟಾಗ ಗಿರಾಕಿಗೆ ಚೌಕಾಸಿಯ ಸ್ವಾತಂತ್ರ್ಯವೆಲ್ಲಿ, ಆ ಷರತ್ತು ನಡೆಯದು ಎಂದು ಕೋರ್ಟು ತೀರ್ಪಿತ್ತಿತು.

ನಮ್ಮ ಕಾಯಿದೆ ಕೊಟ್ಟದ್ದು, ಕೊಡದ್ದು

ನಮ್ಮಲ್ಲಿ ಕಾಯಿದೆಯೇ ಇಲ್ಲವೆಂದು ಯಾರೂ ತಿಳಿಯಬಾರದು. 1930ರ ಸರಕು ಮಾರಾಟ ಕಾಯಿದೆ ಮೊದಲಿನಿಂದ ಇದೆ. 1986ರ ಗ್ರಾಹಕ ರಕ್ಷಣಾ ಕಾಯಿದೆಯ ಜಾಗದಲ್ಲಿ 2019ರ ಕಾಯಿದೆ ಬಂದು 2020ರ ಜುಲೈಯಿಂದ ಜಾರಿಯಲ್ಲಿದೆ. ಅದು ಕೊಟ್ಟ ಕೆಲವು ಸೌಕರ್ಯಗಳು ನಿಜಕ್ಕೂ ಬಡವನ ಪರ. ಕಂಪೆನಿಯ ಮುಖ್ಯ ಕಚೇರಿ ಗುರುಗ್ರಾಮದಲ್ಲಿರಲಿ, ಪುಣೆಯಲ್ಲಿರಲಿ, ಗಿರಾಕಿ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಕೀಲರಿಲ್ಲದೆ ತಾನೇ ನಿಂತು ವಾದಿಸಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. 10 ಲಕ್ಷದವರೆಗೆ 200 ರೂಪಾಯಿ ಮಾತ್ರ. ದೋಷ ತೀರಿಸಬೇಕು, ವಸ್ತು ಬದಲಿಸಬೇಕು, ಹಣ ಹಿಂತಿರುಗಿಸಬೇಕು, ನಷ್ಟ ಭರ್ತಿ ಕೊಡಬೇಕು ಎಂದು ಆಜ್ಞೆ ಮಾಡುವ ಅಧಿಕಾರ ಆಯೋಗಕ್ಕಿದೆ.

ಬಾಡಿಗೆ ಗಾಡಿಯವರು ಮುಖ್ಯವಾಗಿ ತಿಳಿಯಬೇಕಾದ ಒಂದು ವಿಷಯವಿದೆ. “ನೀವು ವ್ಯಾಪಾರಕ್ಕೆ ಕೊಂಡವರು, ಗ್ರಾಹಕರೇ ಅಲ್ಲ” ಎಂದು ಅವರನ್ನು ಬಾಗಿಲಲ್ಲೇ ತಡೆಯುವುದುಂಟು. ಇದು ಪೂರ್ತಿ ಸತ್ಯವಲ್ಲ. ಸ್ವಂತ ಉದ್ಯೋಗದಿಂದ ಜೀವನ ಸಾಗಿಸಲೆಂದೇ ಕೊಂಡು ತಾನೇ ಬಳಸುವವನು ಗ್ರಾಹಕನೇ ಎಂದು ಕಾಯಿದೆಯಲ್ಲೇ ಬರೆದಿದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿ, ತಾನೇ ಓಡಿಸಿ ಬದುಕಲು ಆಟೋ ರಿಕ್ಷಾ ಕೊಂಡವನನ್ನು ಉದಾಹರಣೆಯಾಗಿಯೇ ಕೊಟ್ಟಿದೆ.

ಇನ್ನು ಕಾಯಿದೆ ಕೊಡದೆ ಉಳಿಸಿಕೊಂಡದ್ದನ್ನು ನೋಡೋಣ. 2019ರ ಕಾಯಿದೆಯಲ್ಲಿ ಉತ್ಪನ್ನದ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯ ಸೇರಿತು. ದೋಷವುಳ್ಳ ಸರಕಿನಿಂದ ಹಾನಿಯಾದರೆ ತಯಾರಕ ಹೊಣೆ ಎಂದು ಅದು ಸಾರಿತು. ಆದರೆ ಹಾನಿ ಎಂದರೇನೆಂದು ಹೇಳುವ ಕಡೆ, ಆ ವಸ್ತುವಿಗೇ ಆದ ಹಾನಿಯನ್ನೂ ವ್ಯಾಪಾರದ ನಷ್ಟವನ್ನೂ ಹೊರಗಿಟ್ಟಿದ್ದಾರೆ. ಅಂದರೆ ಬೇರಿಂಗು ಮುರಿದು ಗಾಡಿ ಮಗುಚಿ ಕೈಕಾಲು ಮುರಿದರೆ ಆ ಅಧ್ಯಾಯ ಉಂಟು. ಬೇರಿಂಗಷ್ಟೇ ಮುರಿದು ವಾರದ ದುಡಿಮೆ ಹೋದರೆ ಇಲ್ಲ. 2019ರಲ್ಲೇ ಮೋಟಾರು ವಾಹನ ಕಾಯಿದೆಗೆ ಸೇರಿಸಿದ, ದೋಷದ ಗಾಡಿಗಳನ್ನು ವಾಪಸು ಕರೆಸುವ ಕಲಮು ಕೂಡ ಜನರಿಗೆ ಅಥವಾ ಪರಿಸರಕ್ಕೆ ಅಪಾಯ ತರುವ ದೋಷಕ್ಕೆ ಸಂಬಂಧಿಸಿದ್ದು. ಜೇಬಿಗೆ ಅಪಾಯವಾದರೆ ಅದು ಅಪಾಯದ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಕಾಲಕ್ಕೆ ಮುಂಚೆ ಮುರಿದ ಭಾಗದ ದೂರು ಮಾಮೂಲು ದೋಷದ ದೂರಾಗಿಯೇ ನಡೆಯಬೇಕು. ಅಲ್ಲಿ ತಯಾರಿಕೆಯ ದೋಷವನ್ನು ತೋರಿಸುವ ಹೊರೆ ಗಿರಾಕಿಯ ಮೇಲೆ. ಕಣ್ಣಿಗೆ ಕಾಣದ ದೋಷವಾದರೆ ಆಯೋಗ ಆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದರ ಶುಲ್ಕವನ್ನು ಮೊದಲು ಕಟ್ಟುವಂತೆ ದೂರುದಾರನಿಗೇ ಹೇಳಬಹುದೆಂದು ಕಾಯಿದೆಯಲ್ಲಿದೆ. ಉಕ್ಕಿನ ಹದ ನೋಡುವ ಪ್ರಯೋಗಾಲಯ ಜಿಲ್ಲೆ ಜಿಲ್ಲೆಯಲ್ಲಿಲ್ಲ. ಪರೀಕ್ಷೆ ಬೇಕಾದ ದೂರನ್ನು 5 ತಿಂಗಳೊಳಗೆ ತೀರಿಸಬೇಕೆಂದು ಕಾಯಿದೆ ಹೇಳಿದರೂ ವಾಯಿದೆಯ ಮೇಲೆ ವಾಯಿದೆ ಬೀಳುವುದನ್ನು ಬಲ್ಲವರು ಬಲ್ಲರು. 2,000 ರೂಪಾಯಿಯ ಭಾಗಕ್ಕೆ ಅದಕ್ಕೂ ಮಿಗಿಲಾದ ಖರ್ಚು ಮಾಡಿ, ದಿನಗಟ್ಟಲೆ ಬಾಡಿಗೆ ಬಿಟ್ಟು, ಕೋರ್ಟಿನ ಜಗಲಿಯಲ್ಲಿ ಕೂಡಬಲ್ಲ ಚಾಲಕ ಎಷ್ಟು ಮಂದಿ ಇದ್ದಾರು? ಕಂಪೆನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಅದಕ್ಕೇ ಅದು ಧೈರ್ಯವಾಗಿ ಇಲ್ಲವೆನ್ನುತ್ತದೆ.

ಎರಡು ಸೇರಿನ ವ್ಯಾಪಾರ

ವಾರಂಟಿ ಕಾಗದದ ಒಂದು ಸಾಲನ್ನು ಓದುಗರು ಗಮನಿಸಬೇಕು: “ಇಷ್ಟು ವರ್ಷ ಅಥವಾ ಇಷ್ಟು ಕಿಲೋಮೀಟರು, ಯಾವುದು ಮೊದಲೋ ಅದು.” ಮೂರು ವರ್ಷ ಅಥವಾ 1 ಲಕ್ಷ ಕಿಲೋಮೀಟರು ಎಂದಿದೆಯೆನ್ನಿ. ದಿನಕ್ಕೆ 200ರಂತೆ ತಿಂಗಳಿಗೆ 25 ದಿನ ಓಡಿಸುವ ಬಾಡಿಗೆ ಗಾಡಿಗೆ 20 ತಿಂಗಳಲ್ಲಿ ವಾರಂಟಿ ಮುಗಿಯಿತು. ತಿಂಗಳಿಗೆ 600 ಓಡುವ ಸಾಹುಕಾರರ ಕಾರು ಮೂರು ವರ್ಷದಲ್ಲಿ 21,600 ಮುಟ್ಟೀತು. ಅಲ್ಲಿಗೆ ಅವರದೂ ಮುಗಿಯಿತು. ಸವೆತಕ್ಕೆ ಕಿಲೋಮೀಟರು ತಕ್ಕ ಅಳತೆ, ರಬ್ಬರು ವೈರುಗಳಿಗೆ ವರ್ಷ ತಕ್ಕ ಅಳತೆ ಎಂದು ಬಿಡಿಸಿ ಹೇಳಿದರೆ ನಾವು ಒಪ್ಪುತ್ತೇವೆ. ಎರಡು ಅಳತೆಯನ್ನೂ ಇಟ್ಟುಕೊಂಡು ತನಗೆ ಲಾಭವಾಗುವುದನ್ನೇ ಹಿಡಿಯುವುದು ಮಾತ್ರ ಕೊಳ್ಳುವಾಗ ದೊಡ್ಡ ಸೇರು, ಕೊಡುವಾಗ ಚಿಕ್ಕ ಸೇರು ಹಿಡಿದ ವ್ಯಾಪಾರ. ಸಂತೆಯಲ್ಲಿ ಹೀಗೆ ಅಳೆದವನಿಗೆ ತೂಕ ಅಳತೆಯ ಇನ್ಸ್‌ಪೆಕ್ಟರು ಕೇಸು ಹಾಕುತ್ತಾರೆ. ಅಚ್ಚು ಕಾಗದದಲ್ಲಿ ಅಳೆದವನಿಗೆ ಯಾವ ಕೇಸೂ ಇಲ್ಲ.

ಅಂಗಡಿಯವನ ಪಾಡು

ಬಿಡಿಭಾಗದ ಸಣ್ಣ ಅಂಗಡಿಯವರೂ ಗ್ಯಾರೇಜಿನವರೂ ಈ ಜಗಳದಲ್ಲಿ ನಡುವೆ ಸಿಕ್ಕಿಬೀಳುತ್ತಾರೆ. ಅತ್ತ ದರಿ, ಇತ್ತ ಪುಲಿ. ಮುಚ್ಚಿದ ಪೆಟ್ಟಿಗೆಯಲ್ಲಿ ಬಂದ ಬೇರಿಂಗನ್ನು ಮುಚ್ಚಿದ ಪೆಟ್ಟಿಗೆಯಲ್ಲೇ ಮಾರಿದ ಅಂಗಡಿಯವನಿಗೆ ಒಳಗಿನ ಉಕ್ಕಿನ ಗುಣ ಹೇಗೆ ಗೊತ್ತಾಗಬೇಕು? ಆದರೂ ಗಿರಾಕಿ ಬಂದು ಗದರಿಸುವುದು ಅವನನ್ನೇ. ಊರಿನ ಗಿರಾಕಿಯನ್ನು ಕಳೆದುಕೊಳ್ಳಲಾರದೆ ಅವನು ತನ್ನ ಗಂಟಿನಿಂದ ಬದಲಿ ಕೊಡುತ್ತಾನೆ. ಮೇಲಿನ ವಿತರಕ ಆ ಮುರಿದ ಭಾಗವನ್ನು ವಾಪಸು ಮುಟ್ಟುವುದಿಲ್ಲ. ಗ್ಯಾರೇಜಿನವನು ಮತ್ತೆ ಬಿಚ್ಚಿ ಮತ್ತೆ ಜೋಡಿಸಿದ ಕೂಲಿಯನ್ನಂತೂ ಯಾರೂ ಕೊಡುವುದಿಲ್ಲ. ಬೇರಿಂಗಿನ ಬೆಲೆಗಿಂತ ಆ ಕೂಲಿಯೇ ಹೆಚ್ಚಾಗುವುದುಂಟು.

ದೊಡ್ಡ ಕಂಪೆನಿಗಳು ಇವರನ್ನು ಹೊಸಕಲು ಹೂಡಿದ ಉಪಾಯಕ್ಕೆ ಸರ್ಕಾರದ ಸಂಸ್ಥೆಯ ತೀರ್ಪೇ ಸಾಕ್ಷಿ. ಅಸಲಿ ಬಿಡಿಭಾಗಗಳನ್ನು ಹೊರಗಿನ ಪೇಟೆಗೆ ಬಿಡದೆ ಕಟ್ಟಿಹಾಕಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದುಮಾಡುವ ಷರತ್ತು ಹಾಕಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ರದ್ದುಮಾಡಬಹುದು ಎಂದು ಹೇಳಿತು. ಕಂಪೆನಿಗಳು ಮೇಲ್ಮನವಿಗೆ ಹೋದವು. 2016ರಲ್ಲಿ ಮೇಲ್ಮನವಿ ಮಂಡಳಿ ಮೂರು ಕಂಪೆನಿಗಳ ದಂಡವನ್ನು ಇಳಿಸಿತಾದರೂ ತಪ್ಪು ನಡೆದಿದೆ ಎಂಬುದನ್ನು ಅಲ್ಲಗಳೆಯಲಿಲ್ಲ. ಹೊರಗಿನ ಮೆಕ್ಯಾನಿಕ್ಕಿನ ಮೇಲೆ ಗೂಬೆ ಕೂರಿಸುವ ಮುನ್ನ ಅವನ ಕೆಲಸದಿಂದಲೇ ಹಾನಿಯಾಯಿತೆಂದು ತೋರಿಸಬೇಕೆಂಬ ನ್ಯಾಯ ಇಲ್ಲಿಯೂ ಇದೆ.

ಯುರೋಪಿನ ಒಕ್ಕೂಟ ಈ ಗಂಟನ್ನು ಬಿಡಿಸಿರುವ ಬಗೆ ನಮಗೆ ಮೆಚ್ಚುಗೆಯಾಗಿದೆ. ಅಲ್ಲಿ 2022ರ ಜನವರಿಯಿಂದ ಅನ್ವಯವಾದ ನಿಯಮದಂತೆ ಮಾರಿದವನ ಹೊಣೆ ಎರಡು ವರ್ಷ. ಕೊಂಡ ಒಂದು ವರ್ಷದೊಳಗೆ ದೋಷ ಕಂಡರೆ ಅದು ಕೊಡುವಾಗಲೇ ಇತ್ತೆಂದು ಕಾಯಿದೆ ಭಾವಿಸುತ್ತದೆ. ಅಲ್ಲವೆಂದು ತೋರಿಸಬೇಕಾದವನು ಮಾರಿದವನು. ಒಕ್ಕೂಟದ ರಾಜ್ಯಗಳು ಬಯಸಿದರೆ ಆ ಅವಧಿಯನ್ನು ಎರಡು ವರ್ಷಕ್ಕೆ ಹೆಚ್ಚಿಸಬಹುದು. ಅಂಗಡಿಯವನನ್ನೂ ಅಲ್ಲಿ ನಡುನೀರಿನಲ್ಲಿ ಬಿಟ್ಟಿಲ್ಲ. ಗಿರಾಕಿಗೆ ತೆತ್ತದ್ದನ್ನು ಸರಪಳಿಯಲ್ಲಿ ಮೇಲಿರುವ ತಪ್ಪಿತಸ್ಥನಿಂದ ವಸೂಲು ಮಾಡುವ ಹಕ್ಕು ಅವನಿಗಿದೆ. ಅದೇ ಯುರೋಪಿನಲ್ಲಿ ಕಾರು ಮಾರುವ ಕಂಪೆನಿಗಳಲ್ಲಿ ಕೆಲವು ನಮ್ಮ ದೇಶದಲ್ಲೂ ಮಾರುತ್ತವೆ. ಅಲ್ಲಿ ಮುಳುಗದ ಕಂಪೆನಿ ಇಲ್ಲಿ ಹೇಗೆ ಮುಳುಗೀತು?

ಆಕ್ಷೇಪಣೆಗಳಿಗೆ ಉತ್ತರ

ಹೊಣೆ ಹೊರಿಸಿದರೆ ಕಾರಿನ ಬೆಲೆ ಏರುತ್ತದೆ ಎಂದು ಹೆದರಿಸುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಸಾವಿರ ಕಾರುಗಳಲ್ಲಿ ಒಂದರ ಭಾಗ ಮುರಿದು 20,000 ರೂಪಾಯಿ ಖರ್ಚು ಬಂತೆನ್ನಿ. ಆ ಖರ್ಚು ಇಂದೂ ಇದೆ, ಅದನ್ನು ಯಾರೋ ಕೊಡುತ್ತಲೇ ಇದ್ದಾರೆ. ಕೊಡುವವನು ಆ ಒಬ್ಬ ದುರದೃಷ್ಟಶಾಲಿ. ಕಂಪೆನಿ ಅದನ್ನು ಹೊತ್ತು ಎಲ್ಲ ಕಾರುಗಳ ಮೇಲೆ ಹರಡಿದರೂ ತಲಾ 20 ರೂಪಾಯಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬುದನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಇನ್ನೊಂದು ಲಾಭವೂ ಇದೆ. ಮುರಿತದ ಖರ್ಚು ತನ್ನ ತಿಜೋರಿಗೆ ತಟ್ಟಿದ ದಿನ ಕಂಪೆನಿ ಒಳ್ಳೆಯ ಉಕ್ಕನ್ನು ಹುಡುಕುತ್ತದೆ. ಗಿರಾಕಿಯ ಜೇಬಿಗೆ ತಟ್ಟುವವರೆಗೆ ಅದಕ್ಕೆ ಅವಸರವೇನು?

ಗಿರಾಕಿಗಳು ಮನಬಂದಂತೆ ಬಳಸಿ ಬಂದು ಕೇಳುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ಮಿತಿಮೀರಿ ಭಾರ ಹೇರಿದವನು, ಕಾಲಕ್ಕೆ ಆಯಿಲ್ ಬದಲಿಸದವನು ತನ್ನ ಖರ್ಚನ್ನು ತಾನೇ ಹೊರಲಿ. ಅಂಥವನ ಪರವಾಗಿ ನಾವು ಒಂದು ಮಾತನ್ನೂ ಆಡುವುದಿಲ್ಲ. ಆದರೆ ಅವನ ತಪ್ಪನ್ನು ತೋರಿಸಲಿ. ಇಂದಿನ ಕಾರಿನೊಳಗೆ ಕಂಪ್ಯೂಟರಿದೆ. ದೋಷ ಕಂಡಾಗ ಎಂಜಿನ್ನಿನ ವೇಗ, ಬಿಸಿ ಮೊದಲಾದುವನ್ನು ಬರೆದಿಡುತ್ತದೆ. ಅದನ್ನು ಓದುವ ಯಂತ್ರವೂ ಕಂಪೆನಿಯ ಕೈಯಲ್ಲಿದೆ. ತೋರಿಸುವ ಸಾಧನವುಳ್ಳವನಿಗೆ ತೋರಿಸು ಎಂದರೆ ಅದು ಅನ್ಯಾಯವಾಗುವುದಿಲ್ಲ.

ನಾವು ಕೇಳುವುದೇನು?

ಒಂದು: ಪ್ರತಿಯೊಂದು ಮುಖ್ಯ ಭಾಗಕ್ಕೂ ಇಷ್ಟು ಕಿಲೋಮೀಟರು ಅಥವಾ ಇಷ್ಟು ವರ್ಷದ ಆಯುಷ್ಯವೆಂದು ತಯಾರಕರು ಮುಂಚಿತವಾಗಿ ಪ್ರಕಟಿಸಬೇಕು. ಮೊದಲ ವರ್ಷದೊಳಗೆ ಮುರಿದರೆ ದೋಷ ತಯಾರಿಕೆಯದೆಂದೇ ಕಾಯಿದೆ ಭಾವಿಸಬೇಕು, ಖರ್ಚೆಲ್ಲ ತಯಾರಕರದು. ಆಮೇಲೆ ಮುರಿದರೆ ಅನುಭವಿಸಿದಷ್ಟು ಪಾಲನ್ನು ಗಿರಾಕಿ ಕೊಡಲಿ. 60,000ಕ್ಕೆ ಬಾಳಬೇಕಾದದ್ದು 24,000ಕ್ಕೆ ಹೋದರೆ ನೂರಕ್ಕೆ 40 ಪಾಲು ಅವನದು, 60 ಪಾಲು ತಯಾರಕರದು. ಬಿಚ್ಚಿ ಜೋಡಿಸುವ ಕೂಲಿಯೂ ಇದರಲ್ಲಿ ಸೇರಿರಬೇಕು.

ಎರಡು: ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ, ಗಿರಾಕಿ ಓದಬಲ್ಲ ಭಾಷೆಯಲ್ಲಿ ಕೊಡಬೇಕು. ಮುರಿದ ಭಾಗವನ್ನು ಗಿರಾಕಿಗೆ ಹಿಂತಿರುಗಿಸಬೇಕು, ಇಲ್ಲವೆ ಇಬ್ಬರ ಮೊಹರು ಹಾಕಿ ಇಡಬೇಕು.

ಮೂರು: ಪ್ರಯೋಗಾಲಯದ ಶುಲ್ಕವನ್ನು ಮೊದಲು ದುಡಿಯುವವನಿಂದ ಕೇಳಬಾರದು. ಗ್ರಾಹಕ ಕಲ್ಯಾಣ ನಿಧಿ ಎಂಬುದೊಂದನ್ನು ಸರ್ಕಾರ ಇಟ್ಟಿದೆ. ಗ್ರಾಹಕನ ಕಲ್ಯಾಣ ಇದಕ್ಕಿಂತ ಬೇರೆ ಯಾವುದು? ಅದರಿಂದ ಕೊಟ್ಟು, ಸೋತವರಿಂದ ವಸೂಲು ಮಾಡಲಿ.

ನಾಲ್ಕು: ಗಿರಾಕಿಗೆ ಬದಲಿ ಕೊಟ್ಟ ಅಂಗಡಿಯವನಿಗೆ ಮೇಲಿನವರಿಂದ ಗೊತ್ತಾದ ದಿನದೊಳಗೆ ವಸೂಲಿಯ ಹಕ್ಕು ದೊರೆಯಬೇಕು.

ಕಾಯಿದೆ ಬದಲಾಗುವವರೆಗೆ ಕೈಕಟ್ಟಿ ಕೂಡಬೇಕಾಗಿಲ್ಲ. ಬಿಲ್ಲಿಲ್ಲದೆ ಬಿಡಿಭಾಗ ಕೊಳ್ಳಬೇಡಿರಿ. ಅಂಗಡಿಯವರೂ ಬಿಲ್ಲಿಲ್ಲದೆ ಮಾರಬಾರದು, ಅದು ಅವರಿಗೂ ರಕ್ಷೆ. ವರ್ಕ್‌ಶಾಪಿನ ಜಾಬ್ ಕಾರ್ಡಿನ ಪ್ರತಿಯನ್ನು ಕೇಳಿ ಪಡೆಯಿರಿ. ಮುರಿದ ತುಂಡನ್ನು ಬಿಟ್ಟು ಬರಬೇಡಿರಿ. ಬಾಯಿಮಾತಿನ ನಿರಾಕರಣೆಗೆ ಬರವಣಿಗೆಯ ಉತ್ತರ ಕೇಳಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ದೂರಿಗೆ ಇರುವ ಅವಧಿ ಎರಡು ವರ್ಷ, ಅದನ್ನು ಮೀರಗೊಡಬೇಡಿರಿ. ಇನ್ನೂ ಮುಖ್ಯವಾದದ್ದು, ಒಬ್ಬೊಬ್ಬರೇ ಹೋಗಬೇಡಿರಿ. ಒಂದೇ ಮಾದರಿಯ ಗಾಡಿಯವರು ಹತ್ತು ಮಂದಿ ಕೂಡಿ ಯಾವ ಭಾಗ ಎಷ್ಟು ಕಿಲೋಮೀಟರಿಗೆ ಮುರಿಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಿರಿ. ಕಂಪೆನಿಯ ದಫ್ತರದಲ್ಲಿರುವ ಗುಟ್ಟು ಅರ್ಧದಷ್ಟಾದರೂ ನಿಮ್ಮ ಕೈಗೆ ಬರುತ್ತದೆ. ಒಬ್ಬ ಹೇಳಿದರೆ ಅವನ ಕಾಲಿನ ತಪ್ಪು ಎಂದಾರು. ಹತ್ತು ಗಾಡಿಗಳಲ್ಲಿ ಒಂದೇ ಭಾಗ ಒಂದೇ ದೂರಕ್ಕೆ ಮುರಿದದ್ದನ್ನು ಹತ್ತು ಕಾಲುಗಳ ತಪ್ಪು ಎನ್ನಲು ಯಾರಿಗೂ ಬಾಯಿ ಬರಲಾರದು.

ಟ್ಯಾಕ್ಸಿ ಚಾಲಕರ ಸಂಘವೂ ಬಿಡಿಭಾಗ ವ್ಯಾಪಾರಿಗಳ ಸಂಘವೂ ಈ ವಿಷಯದಲ್ಲಿ ಒಂದೇ ಜಮಖಾನೆಯ ಮೇಲೆ ಕೂಡಬೇಕು. ಗಿರಾಕಿಗೂ ಅಂಗಡಿಯವನಿಗೂ ಜಗಳ ಹಚ್ಚಿ ಮೂರನೆಯವನು ನಿಶ್ಚಿಂತನಾಗಿರುವುದು ಇಷ್ಟು ವರ್ಷ ನಡೆದಿದೆ. ನಮ್ಮ ಲೋಕಸಭಾ ಸದಸ್ಯರು ಮತ ಕೇಳಲು ಬರುವುದು ಇದೇ ಗಾಡಿಗಳಲ್ಲಿ. ಅವರಿಗೆ ಈ ನಾಲ್ಕು ಬೇಡಿಕೆಗಳನ್ನು ಬರೆದು ಕೊಡಿರಿ. ವಿಚಾರಣೆಯಿಲ್ಲದೆ ದಂಡವಿಲ್ಲ ಎಂಬ ನ್ಯಾಯವನ್ನು ಗಿರಣಿಯೊಳಗೆ ಪಡೆದದ್ದು ಕೆಲಸಗಾರರು. ರಸ್ತೆಯ ಮೇಲೆ ಅದೇ ನ್ಯಾಯವನ್ನು ಪಡೆಯಬೇಕಾದವರೂ ಅವರೇ.